ಬೇಬಿ ಕ್ಯಾರಿಯರ್ ತಗೊಳೋಕೆ ಮುಂಚೆ ಮಗುನೂ ನೋಡಿ, ನಿಮ್ಮ ದಿನಾನೂ ನೋಡಿ

ಮೊದಲನೇ ಮಗು ಹೊಟ್ಟೆಲಿದ್ದಾಗಲೇ ನಾನು ಕ್ಯಾರಿಯರ್, ಅಂದ್ರೆ ಮಗುನ ಮೈಗೆ ಕಟ್ಕೊಂಡು ಓಡಾಡೋ ಸಾಧನ, ತಗೊಂಡಿದ್ದೆ. ಡಬ್ಬದ ಮೇಲೆ 0 ಇಂದ 36 ತಿಂಗಳು ಅಂತ ದೊಡ್ಡಕ್ಷರದಲ್ಲಿ ಹಾಕಿದ್ರು, ಬಣ್ಣ ಚೆನ್ನಾಗಿತ್ತು, ರೇಟಿಂಗ್ ಚೆನ್ನಾಗಿತ್ತು, ಇನ್ನೇನ್ ಬೇಕು ಅನ್ಕೊಂಡೆ. ಮಗಳು ಹುಟ್ಟಿದಾಗ 2.6 ಕೆಜಿ. ಬಾಣಂತನದ ದಿನಗಳು ಒಂದು ಹಂತಕ್ಕೆ ಬಂದ ಮೇಲೆ ಒಂದಿನ ಅದನ್ನ ಹಾಕ್ಕೊಂಡು ಮಗುನ ಕೂರಿಸಿದ್ರೆ ಅವಳು ಒಳಗಡೆ ಜಾರಿಹೋಗಿ ಮುಖ ಬಟ್ಟೆಗೆ ಒತ್ಕೊಂಡ್ಬಿಡ್ತು, ಕಾಲೆರಡೂ ನೇರ ಕೆಳಗೆ ಜೋತಾಡ್ತಿತ್ತು, ನಮ್ಮಮ್ಮ ಅಡುಗೆಮನೆಯಿಂದ ಓಡಿ ಬಂದು "ಮೊದ್ಲು ತೆಗಿ ಅದನ್ನ" ಅಂದ್ರು. ಆಮೇಲೆ ಕೂತ್ಕೊಂಡು ಮ್ಯಾನ್ಯುಯಲ್ ಓದಿದ್ರೆ ಒಳಗಡೆ ಸಣ್ಣಕ್ಷರದಲ್ಲಿ 3.5 ಕೆಜಿ ಆಗೋ ತನಕ ಬಳಸಬೇಡಿ ಅಂತ ಇತ್ತು. ಅದು ಬೀರು ಮೇಲೆ ಹೋಯ್ತು, ಮಗಳಿಗೆ ಎಂಟು ತಿಂಗಳಾದ್ರೂ ಇಳೀಲಿಲ್ಲ.

ಎರಡನೇವನು ಹುಟ್ಟಿದಾಗ ಮುಂಚೆ ಏನೂ ತಗೊಳ್ಲಿಲ್ಲ. ಅವನಿಗೆ ಒಂದೂವರೆ ತಿಂಗಳಾದಾಗ ಒಂದು, ಏಳು ತಿಂಗಳಾದಾಗ ಇನ್ನೊಂದು ತಗೊಂಡೆ, ಎರಡನ್ನೂ ಬಣ್ಣ ಮಾಸೋವರೆಗೂ ಬಳಸಿದೀನಿ. ಈಗ ನಮ್ಮ ಅಪಾರ್ಟ್‌ಮೆಂಟಲ್ಲಿ ಯಾರಿಗೆ ಮಗು ಆದ್ರೂ "ಅಕ್ಕ, ಯಾವ ಕ್ಯಾರಿಯರ್ ಒಳ್ಳೇದು" ಅಂತ ಕೇಳ್ತಾರೆ, ನಾನು ತಿರುಗಿ ಕೇಳೋದು ಎರಡೇ ಪ್ರಶ್ನೆ: ಮಗು ಈಗ ಏನೇನು ಮಾಡತ್ತೆ, ನಿಮ್ಮ ದಿನ ನಿಜವಾಗ್ಲೂ ಹೆಂಗೆ ಕಳೆಯತ್ತೆ. ಇವೆರಡು ಗೊತ್ತಿಲ್ದೆ ಆ ಪ್ರಶ್ನೆಗೆ ಉತ್ತರ ಹೇಳಕ್ಕಾಗಲ್ಲ.

ಸ್ಟ್ರೋಲರ್ ಇದ್ಯಲ್ಲ, ಇದು ಯಾಕೆ ಅಂತ ಕೇಳೋರಿಗೆ: ಗಾಂಧಿ ಬಜಾರ್ ಕಡೆ ಸಂಜೆ ಹೊತ್ತು ಒಂದ್ಸಲ ಸ್ಟ್ರೋಲರ್ ತಳ್ಕೊಂಡು ಹೋಗಿ ನೋಡಿ, ಹೂವಿನ ಬುಟ್ಟಿ, ಪಾರ್ಕ್ ಮಾಡಿರೋ ಸ್ಕೂಟರ್, ಕಿತ್ತೋಗಿರೋ ಚಪ್ಪಡಿ ಕಲ್ಲು, ಇವುಗಳ ಮಧ್ಯೆ ಕೊನೆಗೆ ಮಗುನ ಕಂಕುಳಲ್ಲಿಟ್ಕೊಂಡು ಖಾಲಿ ಗಾಡಿ ತಳ್ತಾ ಬರ್ತೀರ.

ಮೊದಲನೇ ಕೆಲಸ: ಮಗು ಯಾವ ಹಂತದಲ್ಲಿದೆ ನೋಡ್ಕೊಳಿ

ಡಬ್ಬದ ಮೇಲಿನ ತಿಂಗಳ ಲೆಕ್ಕ ಮರೆತುಬಿಡಿ. ನೋಡಬೇಕಾಗಿರೋದು ಮೂರು: ತೂಕ ಎಷ್ಟು, ಕತ್ತು ನಿಂತಿದ್ಯಾ, ಯಾರೂ ಹಿಡಿದೇನೆ ಕೂರತ್ತಾ.

ತೂಕ ಯಾಕೆ ಅಂದ್ರೆ ಹೆಚ್ಚಿನ ಬಕಲ್ ಕ್ಯಾರಿಯರ್‌ಗಳು ಶುರುವಾಗೋದೇ 3.2 ಅಥವಾ 3.5 ಕೆಜಿ ಇಂದ. ನಮ್ಮಲ್ಲಿ ಎರಡೂವರೆ, ಎರಡೂ ಮುಕ್ಕಾಲು ಕೆಜಿಲಿ ಹುಟ್ಟೋ ಮಕ್ಕಳು ಬೇಕಾದಷ್ಟಿವೆ, ಅವು ಆರೋಗ್ಯವಾಗೇ ಇರತ್ವೆ, ಆದ್ರೆ ಆ ಕ್ಯಾರಿಯರ್‌ಗೆ ಇನ್ನೂ ಚಿಕ್ಕವು. ಹಾಗಾಗಿ ಇಂಜೆಕ್ಷನ್‌ಗೆ ಹೋದಾಗ ಬರೆದುಕೊಡೋ ತೂಕ ನೋಡಿ ತಗೊಳಿ, ಅಂದಾಜು ಬೇಡ. ತಿಂಗಳು ತುಂಬದೆ ಹುಟ್ಟಿರೋ ಮಗು, ಉಸಿರಾಟದ್ದೋ ಹೃದಯದ್ದೋ ತೊಂದರೆ ಇರೋ ಮಗು ಆದ್ರೆ ನಿಮ್ಮ ಮಕ್ಕಳ ಡಾಕ್ಟರನ್ನ ಕೇಳದೆ ಯಾವ ಕ್ಯಾರಿಯರ್ರೂ ಬೇಡ.

ಕತ್ತು ಸಾಮಾನ್ಯವಾಗಿ ಮೂರು ನಾಲ್ಕು ತಿಂಗಳಿಗೆ ನಿಲ್ಲತ್ತೆ. ಅಲ್ಲಿವರೆಗೂ ಮಗು ನಿಮ್ಮ ಎದೆಗೆ ಮುಖ ಮಾಡ್ಕೊಂಡು, ನೆಟ್ಟಗೆ, ಮುಂದೆನೇ ಇರಬೇಕು. ಕತ್ತು ಪೂರ್ತಿ ನಿಂತ ಮೇಲೆ, ಐದಾರು ತಿಂಗಳ ಹೊತ್ತಿಗೆ ಸೊಂಟದ ಪಕ್ಕಕ್ಕೆ ಕೂರಿಸಬಹುದು, ಕಂಪನಿ ಅದಕ್ಕೆ ಅವಕಾಶ ಕೊಟ್ಟಿದ್ರೆ ಹೊರಗಡೆ ಮುಖ ಮಾಡಿನೂ ಕೂರಿಸಬಹುದು. ತಾನೇ ಕೂರೋಕೆ ಬಂದ ಮೇಲೆ, ಅಂದ್ರೆ ಆರರಿಂದ ಎಂಟು ತಿಂಗಳು, ಬೆನ್ನ ಮೇಲೆ ಹಾಕ್ಕೊಳೋ ಥರದ್ದೆಲ್ಲಾ ತೆರ್ಕೊಳತ್ತೆ, ಉಪ್ಪಿನ ಮೂಟೆ ಆಡಿಸ್ತೀವಲ್ಲ ಅದೇ ಭಂಗಿ. ನಿಮ್ಮ ಮಗು ಪಕ್ಕದ ಮನೆ ಮಗುಗಿಂತ ಒಂದು ತಿಂಗಳು ತಡವಾಗಿ ಕೂತ್ರೆ ಒಂದು ತಿಂಗಳು ತಡವಾಗೇ ಬೆನ್ನಿಗೆ ಹಾಕ್ಕೊಳಿ, ಏನೂ ನಷ್ಟ ಇಲ್ಲ.

ಹೊರಗೆ ಮುಖ ಮಾಡಿ ಕೂರಿಸೋದರ ಬಗ್ಗೆ ನನ್ನ ಅಭಿಪ್ರಾಯ ಹೇಳ್ತೀನಿ, ಎಲ್ಲರೂ ಅದಕ್ಕೇ ಆಸೆ ಪಡ್ತಾರೆ, ಮಗುಗೆ ಪ್ರಪಂಚ ಕಾಣ್ಲಿ ಅಂತ. ಇಪ್ಪತ್ತು ನಿಮಿಷ, ಅರ್ಧ ಗಂಟೆ ಪರವಾಗಿಲ್ಲ. ಆದ್ರೆ ಮದುವೆಮನೆ, ಜಾತ್ರೆ, ಮಾಲ್ ಥರ ಗಲಾಟೆ ಜಾಗದಲ್ಲಿ ಮಗುಗೆ ಸಾಕು ಅನ್ಸಿದ್ರೆ ಮುಖ ತಿರುಗಿಸಿ ಅಡಗಿಸ್ಕೊಳೋಕೆ ಜಾಗನೇ ಇರಲ್ಲ, ನಿದ್ದೆ ಬಂದ್ರೆ ತಲೆ ಮುಂದಕ್ಕೆ ಬಿದ್ದೋಗತ್ತೆ. ಕಣ್ಣು ಎಳೀತಿದ್ದಂಗೇ ನಿಮ್ಮ ಕಡೆ ತಿರುಗಿಸ್ಕೊಳಿ.

ಎರಡನೇದು: ಸರಿಯಾದ ಭಂಗಿ ಹೆಂಗಿರತ್ತೆ ಅಂತ ಮೊದಲು ಕಲೀರಿ, ಆಮೇಲೆ ಅಂಗಡಿಗೆ ಹೋಗಿ

ಇದನ್ನ ಸ್ವಲ್ಪ ಉದ್ದವಾಗೇ ಬರೀತೀನಿ, ಯಾಕಂದ್ರೆ ಬ್ರ್ಯಾಂಡು ಬಣ್ಣ ಎಲ್ಲಾ ತಪ್ಪಾದ್ರೂ ನಡೆಯತ್ತೆ, ಇದು ತಪ್ಪಾಗಂಗಿಲ್ಲ.

ಎಳೇ ಮಗುವಿನ ಉಸಿರಿನ ದಾರಿ ತುಂಬ ಸಣ್ಣದು, ಮೆತ್ತಗಿರತ್ತೆ. ಗಲ್ಲ ಎದೆಗೆ ಒತ್ತಿಕೊಂಡು ಕತ್ತು ಮಡಚಿದ್ರೆ ಆ ದಾರಿ ಮುಚ್ಚಿಕೊಳತ್ತೆ, ಮಗು ಅಳಲ್ಲ, ಒದ್ದಾಡಲ್ಲ, ಸದ್ದೇ ಇರಲ್ಲ. ಅಮೆರಿಕದ ಗ್ರಾಹಕ ಸುರಕ್ಷತಾ ಆಯೋಗ 2010ರ ಮಾರ್ಚ್‌ನಲ್ಲಿ ಸ್ಲಿಂಗ್‌ಗಳ (ಹೆಗಲಿಗೆ ಹಾಕ್ಕೊಳೋ ಬಟ್ಟೆ ಜೋಲಿ) ಬಗ್ಗೆ ಎಚ್ಚರಿಕೆ ಕೊಟ್ಟಾಗ ಹಿಂದಿನ 20 ವರ್ಷದಲ್ಲಿ ಕನಿಷ್ಠ 14 ಮಕ್ಕಳು ಸ್ಲಿಂಗ್‌ನಲ್ಲಿ ತೀರಿಹೋಗಿದ್ದನ್ನ ಹೇಳಿತ್ತು, ಅದರಲ್ಲಿ 12 ಮಕ್ಕಳು ನಾಲ್ಕು ತಿಂಗಳೊಳಗಿನವು. ಚೀಲದ ಥರ ಆಳವಾಗಿರೋ, ಮಗುನ ಮಲಗಿಸಿ ಬಗಲಿಗೆ ನೇತಾಕ್ಕೊಳೋ ಸ್ಲಿಂಗ್‌ಗಳನ್ನ ಆಮೇಲೆ ಅಲ್ಲಿ ವಾಪಸ್ ತಗೊಂಡ್ರು. ಅಂಥದೇ ಆಕಾರದ್ದು ನಮ್ಮಲ್ಲಿ ಆನ್‌ಲೈನಲ್ಲಿ ಇನ್ನೂ ಕಣ್ಣಿಗೆ ಬೀಳತ್ತೆ. ಫೋಟೋದಲ್ಲಿ ತೊಟ್ಟಿಲ ಥರ ಮುದ್ದಾಗಿ ಕಾಣತ್ತೆ, ದಯವಿಟ್ಟು ತಗೋಬೇಡಿ.

ಬ್ರಿಟನ್ನಲ್ಲಿ ಇದಕ್ಕೆ ಐದು ಅಂಶದ ಒಂದು ನಿಯಮ ಇದೆ, ಟಿಕ್ಸ್ ಅಂತಾರೆ, ನಮ್ಮ ಮಾತಲ್ಲಿ ಹೇಳೋದಾದ್ರೆ ಹಿಂಗೆ. ಬಿಗಿಯಾಗಿರಬೇಕು, ನೀವು ಎತ್ಕೊಂಡ್ರೆ ಎಷ್ಟು ಬಿಗಿಯಾಗಿ ಅಪ್ಕೊಳ್ತೀರೋ ಅಷ್ಟು. ತಲೆ ಬಗ್ಗಿಸಿದ್ರೆ ಮಗು ಮುಖ ಯಾವಾಗ್ಲೂ ಕಾಣಬೇಕು, ಸೆರಗಾಗಲಿ ದುಪಟ್ಟಾ ಆಗಲಿ ಮುಖದ ಮೇಲೆ ಬರಬಾರದು. ಮುಂದೆ ಹಾಕ್ಕೊಂಡಾಗ ನೆತ್ತಿಗೆ ಮುತ್ತು ಕೊಡೋಷ್ಟು ಮೇಲಿರಬೇಕು. ಗಲ್ಲದ ಕೆಳಗೆ ಕನಿಷ್ಠ ಒಂದು ಬೆರಳು ಹಿಡಿಯೋಷ್ಟು ಸಂದಿ ಇರಬೇಕು. ಬೆನ್ನಿಗೆ ಪೂರ್ತಿ ಆಧಾರ ಇರಬೇಕು, ಬೆನ್ನ ಮೇಲೆ ಕೈ ಇಟ್ಟು ಮೆಲ್ಲಗೆ ಒತ್ತಿದ್ರೆ ಮಗು ನಿಮ್ಮ ಕಡೆ ಇನ್ನೂ ಹತ್ರ ಬರಬಾರದು, ಬಂದ್ರೆ ಸಡಿಲ ಇದೆ ಅಂತ ಅರ್ಥ.

ಇನ್ನು ಕಾಲು. ಮಗುನ ಎದೆ ಮೇಲೆ ಹಾಕ್ಕೊಂಡಾಗ ಅದು ತಾನಾಗೇ ಕಪ್ಪೆ ಥರ ಕಾಲು ಮಡಚ್ಕೊಳತ್ತಲ್ಲ, ಕ್ಯಾರಿಯರ್ ಒಳಗೂ ಹಂಗೇ ಇರಬೇಕು: ಮಂಡಿ ಕುಂಡಿಗಿಂತ ಸ್ವಲ್ಪ ಮೇಲೆ, ತೊಡೆ ಎರಡೂ ಕಡೆ ಅಗಲ. ಅಂದ್ರೆ ಕೂರೋ ಜಾಗದ ಬಟ್ಟೆ ಒಂದು ಮಂಡಿಯ ಹಿಂಭಾಗದಿಂದ ಇನ್ನೊಂದು ಮಂಡಿಯ ಹಿಂಭಾಗದ ತನಕ ಬರಬೇಕು. ಮೊದಲ ಆರು ತಿಂಗಳು ಸೊಂಟದ ಕೀಲು ಇನ್ನೂ ಮೆದು ಎಲುಬಲ್ಲೇ ಇರತ್ತೆ, ಸೊಂಟದ ಕೀಲಿನ ತೊಂದರೆಗಳ ಬಗ್ಗೆ ಕೆಲಸ ಮಾಡೋ ಅಂತರರಾಷ್ಟ್ರೀಯ ಸಂಸ್ಥೆ ಇಂಟರ್‌ನ್ಯಾಷನಲ್ ಹಿಪ್ ಡಿಸ್‌ಪ್ಲೇಸಿಯಾ ಇನ್‌ಸ್ಟಿಟ್ಯೂಟ್ ಕೂಡ ಈ ಭಂಗಿನೇ ಒಳ್ಳೇದು ಅನ್ನತ್ತೆ. ಕಾಲು ಜೋತಾಡೋ ಕ್ಯಾರಿಯರ್‌ನಲ್ಲಿ ಹತ್ತು ನಿಮಿಷ ಕೂರಿಸಿದ ತಕ್ಷಣ ಮಗುಗೆ ಏನೋ ಆಗ್ಬಿಡತ್ತೆ ಅಂತಲ್ಲ, ಹೆದರಬೇಡಿ, ಆದ್ರೆ ದಿನಾ ಗಂಟೆಗಟ್ಟಲೆ ಬಳಸೋ ವಸ್ತು ಅಂದ್ಮೇಲೆ ಒಳ್ಳೇ ಭಂಗಿದೇ ತಗೊಳಿ. ಹೆರಿಗೆಲಿ ಮಗು ಕುಂಡಿ ಕೆಳಗಾಗಿ ಇದ್ದಿದ್ರೆ, ಅಥವಾ ಮನೇಲಿ ಯಾರಿಗಾದ್ರೂ ಹುಟ್ಟಿನಿಂದ ಸೊಂಟದ ಕೀಲಿನ ತೊಂದರೆ ಇದ್ರೆ ಇದು ಇನ್ನೂ ಮುಖ್ಯ, ಡಾಕ್ಟರಿಗೂ ಹೇಳಿರಿ.

ಮೂರನೇದು: ನಿಮ್ಮ ಒಂದು ದಿನ ಬರ್ಕೊಳಿ

ನಿಜವಾಗ್ಲೂ ಪೇಪರ್ ತಗೊಂಡು ಬರ್ಕೊಳಿ. ನಿನ್ನೆ ಮಗುನ ಯಾವ್ಯಾವ ಹೊತ್ತಲ್ಲಿ, ಎಲ್ಲೆಲ್ಲಿ, ಎಷ್ಟೊತ್ತು ಎತ್ಕೊಂಡಿದ್ರಿ ಅಂತ. ಮುಂದೆ ಯಾವತ್ತೋ ಟ್ರೆಕ್ಕಿಂಗ್ ಹೋಗ್ತೀವಿ ಅನ್ನೋದಲ್ಲ, ನಿನ್ನೆದು. ಆ ಪಟ್ಟಿ ನೋಡಿದ್ರೆ ಅರ್ಧ ಉತ್ತರ ಅಲ್ಲೇ ಇರತ್ತೆ.

ಸಂಜೆ ಆದ್ರೆ ಸಾಕು ಮಗು ಕೆಳಗಿಳಿಯಲ್ಲ, ಮನೆಯೊಳಗೇ ಎತ್ಕೊಂಡು ಎತ್ಕೊಂಡು ಕೈ ಬಿದ್ದೋಗತ್ತೆ ಅನ್ನೋರು, ಮಗುಗೆ ಇನ್ನೂ ಮೂರು ತಿಂಗಳೊಳಗೆ, ಇಂಥೋರಿಗೆ ಸ್ಟ್ರೆಚ್ ಆಗೋ ಉದ್ದ ಬಟ್ಟೆಯ ರ‍್ಯಾಪ್. ಸುಮಾರು ಐದು ಮೀಟರ್ ಬಟ್ಟೆ, ಟಿ ಶರ್ಟ್ ಥರ ಮೆತ್ತಗಿರತ್ತೆ, ಬೆಳಗ್ಗೆ ಒಂದ್ಸಲ ಕಟ್ಕೊಂಡ್ರೆ ಮಗುನ ತೆಗೆಯೋದು ಇಡೋದು ಮಾಡ್ತಾನೇ ಇರಬಹುದು. ಕಟ್ಟೋದು ಕಲಿಯೋಕೆ ಎರಡು ಮೂರು ದಿನ ಬೇಕು, ಸೀರೆ ಉಡೋಕೆ ಬರೋರಿಗೆ ಬೇಗ ಕೈ ಕೂರತ್ತೆ. ಆದ್ರೆ ಮಗು ಏಳೆಂಟು ಕೆಜಿ ದಾಟಿದ್ರೆ ಬಟ್ಟೆ ಜಗ್ಗೋಕೆ ಶುರುವಾಗತ್ತೆ, ಬೆನ್ನಿಗಂತೂ ಇದನ್ನ ಯಾವತ್ತೂ ಕಟ್ಕೋಬೇಡಿ, ಮಗು ಹಿಂದಕ್ಕೆ ವಾಲಿದ್ರೆ ಆಚೆ ಬಂದ್ಬಿಡತ್ತೆ. ಬೀದಿಗೆ ಇಳಿದು ಕಟ್ಕೊಳೋದೂ ಕಷ್ಟ, ಐದು ಮೀಟರ್ ತುದಿ ರೋಡಲ್ಲಿ ಧೂಳು ಗುಡಿಸತ್ತೆ.

ಅಂಗಡಿಗೆ ಹೋಗಿ ಬರೋದು, ಮೇಲಿನ ಮಗುನ ಸ್ಕೂಲ್ ವ್ಯಾನ್ ಹತ್ರ ಬಿಡೋದು, ಲಿಫ್ಟಲ್ಲಿ ಇಳಿದು ಹತ್ತೋದು, ಎಲ್ಲಾ ಹತ್ತು ಹದಿನೈದು ನಿಮಿಷದ ಕೆಲಸ ಅನ್ನೋರಿಗೆ ರಿಂಗ್ ಸ್ಲಿಂಗ್. ಎರಡು ಉಂಗುರದೊಳಗೆ ಬಟ್ಟೆ ತೂರಿಸಿ ಒಂದು ಹೆಗಲಿಗೆ ಹಾಕ್ಕೊಳೋದು, ನಮ್ಮಜ್ಜಿಯರು ಮಗುನ ಸೊಂಟದ ಮೇಲೆ ಕೂರಿಸ್ಕೊಂಡು ನೀರು ಸೇದ್ತಿದ್ರಲ್ಲ, ಅದಕ್ಕೇ ಒಂದು ಬಟ್ಟೆಯ ಆಧಾರ. ಚೀಲದಲ್ಲಿ ಮಡಚಿದ್ರೆ ಟವೆಲ್‌ನಷ್ಟೇ ಜಾಗ. ನನ್ನ ಎರಡನೇವನಿಗೆ ಮೊದಲು ತಗೊಂಡಿದ್ದು ಇದೇ, ನನಗೆ ಇವತ್ತಿಗೂ ಇದೇ ಇಷ್ಟ. ಭಾರ ಎಲ್ಲಾ ಒಂದೇ ಹೆಗಲ ಮೇಲೆ ಬೀಳೋದ್ರಿಂದ ಗಂಟೆಗಟ್ಟಲೆ ಆಗಲ್ಲ, ಒಂದ್ಸಲ ಎಡ ಒಂದ್ಸಲ ಬಲ ಮಾಡ್ಕೋಬೇಕು. ಎಳೇ ಮಗುನೂ ಇದರಲ್ಲಿ ನೆಟ್ಟಗೇ ಕೂರಬೇಕು, ಮಲಗಿಸೋದಲ್ಲ.

ಹಳೇ ಸೀರೆಲಿ ಮನೇಲೇ ಹೊಲ್ಕೋಬಹುದಾ ಅಂತ ತುಂಬ ಜನ ಕೇಳ್ತಾರೆ. ಬಟ್ಟೆ ಗಟ್ಟಿ ಕಾಟನ್ ಆಗಿದ್ರೆ, ಹೊಲಿಗೆ ಮೂರು ಸಾಲು ಹಾಕೋಕೆ ಬಂದ್ರೆ ಆಗತ್ತೆ, ಆದ್ರೆ ಉಂಗುರದಲ್ಲಿ ರಾಜಿ ಬೇಡ. ಸ್ಲಿಂಗ್‌ಗೇ ಅಂತ ಮಾಡಿರೋ, ಬೆಸುಗೆಯ ಜೋಡಣೆ ಇಲ್ಲದ ಅಲ್ಯುಮಿನಿಯಂ ಅಥವಾ ನೈಲಾನ್ ಉಂಗುರನೇ ಬೇಕು, ಕರ್ಟನ್ ಉಂಗುರ, ಕರಕುಶಲ ಅಂಗಡಿ ಉಂಗುರ, ಬಳೆ, ಇವೆಲ್ಲಾ ಮಗು ಭಾರಕ್ಕೆ ಜೋಡಣೆ ಹತ್ರ ಬಿಟ್ಕೊಳತ್ತೆ. ಉಟ್ಟು ಉಟ್ಟು ನವೆದಿರೋ ಸೀರೆನೂ ಬೇಡ, ಬೆಳಕಿಗೆ ಹಿಡಿದು ನೋಡಿದ್ರೆ ಎಳೆ ಬಿಟ್ಟಿರೋದು ಗೊತ್ತಾಗತ್ತೆ.

ಬಸ್ಸು, ಮೆಟ್ರೋ, ದಿನಾ ಒಂದು ಗಂಟೆ ಮೇಲೆ ಎತ್ಕೊಂಡು ಓಡಾಟ, ದೇವಸ್ಥಾನದ ಮೆಟ್ಟಿಲು, ಊರಿಗೆ ಹೋಗೋದು ಬರೋದು ಜಾಸ್ತಿ ಅನ್ನೋರಿಗೆ ಸೊಂಟಪಟ್ಟಿ ಇರೋ ಬಕಲ್ ಕ್ಯಾರಿಯರ್. ಭಾರ ಸೊಂಟಕ್ಕೆ ಹೋಗೋದ್ರಿಂದ ಹೆಗಲು ನೋಯಲ್ಲ, ಮೂರು ಬಕಲ್ ಹಾಕಿದ್ರೆ ಮುಗೀತು, ಗಂಡಸರಿಗೂ ಇದು ಬೇಗ ಒಗ್ಗತ್ತೆ. ಹೆಚ್ಚಿನವು 15 ರಿಂದ 20 ಕೆಜಿ ತನಕ ತಡೀತವೆ. ಕೂರೋ ಜಾಗದ ಅಗಲನೂ ಬೆನ್ನಿನ ಎತ್ತರನೂ ಹೊಂದಿಸೋಕೆ ಬರೋದೇ ತಗೊಳಿ, ಆವಾಗ ಆರು ತಿಂಗಳಿಗೆ ಇದ್ದಿದ್ದು ಎರಡು ವರ್ಷಕ್ಕೂ ಆಗತ್ತೆ. ಚಾಮುಂಡಿ ಬೆಟ್ಟದ ಸಾವಿರ ಚಿಲ್ಲರೆ ಮೆಟ್ಟಿಲು ನಮ್ಮನೆಯವರು ಹತ್ತು ತಿಂಗಳ ಮಗನ್ನ ಬೆನ್ನಿಗೆ ಹಾಕ್ಕೊಂಡು ಇದರಲ್ಲೇ ಹತ್ತಿದ್ರು, ಅರ್ಧ ದಾರಿಲಿ ಅವನು ಮಲಗಿದ್ದ, ನಂದಿ ಹತ್ರ ಎದ್ದ.

ನಡಿಯೋಕೆ ಕಲ್ತಿರೋ ಮಗು, ಎರಡು ನಿಮಿಷ ಎತ್ಕೋ ಎರಡು ನಿಮಿಷ ಇಳಿಸು ಅಂತ ಹಠ ಮಾಡೋ ವಯಸ್ಸು ಅಂದ್ರೆ ಹಿಪ್ ಸೀಟ್, ಸೊಂಟಕ್ಕೆ ಕಟ್ಕೊಳೋ ಒಂದು ಗಟ್ಟಿ ಮೆತ್ತೆ. ಬರೀ ಸೀಟ್ ಅಷ್ಟೇ ಇರೋದ್ರಲ್ಲಿ ಒಂದು ಕೈ ಯಾವಾಗ್ಲೂ ಮಗು ಮೇಲಿರಬೇಕು, ಕೈ ಖಾಲಿ ಆಗತ್ತೆ ಅಂತ ತಗೊಂಡ್ರೆ ನಿರಾಸೆ ಆಗತ್ತೆ. ಕೂರೋಕೆ ಬರದ ಮಗುಗೆ ಬೇಡವೇ ಬೇಡ. ಬ್ಯಾಗಲ್ಲೂ ಹಿಡಿಯಲ್ಲ.

ಜಪಾನಿನ ಓನ್ಬುಹಿಮೊ ಅಂತ ಒಂದಿದೆ, ಸೊಂಟಪಟ್ಟಿ ಇಲ್ಲದೆ ಹೆಗಲಿಗಷ್ಟೇ ಹಾಕ್ಕೊಂಡು ಮಗುನ ಬೆನ್ನ ಮೇಲೆ ಎತ್ತರಕ್ಕೆ ಕೂರಿಸೋದು, ಎರಡನೇದು ಹೊಟ್ಟೆಲಿದ್ದು ಮೊದಲನೇದನ್ನ ಎತ್ಕೋಬೇಕಾಗಿರೋರಿಗೆ ತುಂಬ ಅನುಕೂಲ, ಡಾಕ್ಟರ್ ಭಾರ ಎತ್ತಬಹುದು ಅಂದಿದ್ರೆ. ಬೆಟ್ಟ ಗುಡ್ಡ ನಿಜವಾಗ್ಲೂ ಹತ್ತೋ ಕುಟುಂಬಕ್ಕೆ ಲೋಹದ ಫ್ರೇಮ್ ಇರೋ ಬ್ಯಾಕ್‌ಪ್ಯಾಕ್ ಇದೆ, ನೆರಳಿಗೆ ಚಾವಣಿ, ನೀರಿಗೆ ಜೇಬು ಎಲ್ಲಾ ಇರತ್ತೆ, ಖಾಲಿಯಾಗಿದ್ರೇನೇ ಎರಡು ಮೂರು ಕೆಜಿ ತೂಗತ್ತೆ. ವರ್ಷಕ್ಕೆ ಒಂದು ಟ್ರಿಪ್ ಹೋಗೋರು ಯಾರ ಹತ್ರನಾದ್ರೂ ಇಸ್ಕೊಳಿ, ಕೊಳ್ಳಬೇಡಿ.

ಯಾರ್ಯಾರು ಎತ್ಕೊಳ್ತಾರೆ

ಇದನ್ನ ಕೇಳೋದೇ ಮರೀತಾರೆ. ನಮ್ಮನೇಲಿ ನಾನು ಐದಡಿ, ನಮ್ಮನೆಯವರು ಐದಡಿ ಹನ್ನೊಂದು, ಅತ್ತೆಗೆ ಮಂಡಿ ನೋವು. ಮೂರು ಜನಕ್ಕೂ ಹೊಂದಿಸೋಕೆ ಬರಬೇಕು ಅಂದ್ರೆ ಪಟ್ಟಿಗಳು ಪೂರ್ತಿ ಸಣ್ಣದೂ ಆಗಬೇಕು, ಉದ್ದನೂ ಆಗಬೇಕು. ವಿದೇಶಿ ಕ್ಯಾರಿಯರ್ ಕೆಲವು ನನ್ನಂಥೋರಿಗೆ ಕೊನೇ ತನಕ ಎಳೆದ್ರೂ ಸೊಂಟದಲ್ಲಿ ಸಡಿಲ ಇರತ್ತೆ, ಇಲ್ಲಿನ ಮೈಕಟ್ಟಿಗೆ ಅಂತ ಹೊಲಿಯೋ ಭಾರತದ ಸೋಲ್ ಸ್ಲಿಂಗ್ಸ್, ಅನ್‌ಮೋಲ್ ಥರದ್ದನ್ನೂ ಒಂದ್ಸಲ ನೋಡಿ. ರಿಂಗ್ ಸ್ಲಿಂಗ್ ಮಾತ್ರ ಸೈಜ್ ನೋಡಿ ತಗೋಬೇಕಾಗತ್ತೆ, ಗಂಡ ಹೆಂಡತಿ ಮೈಕಟ್ಟಲ್ಲಿ ತುಂಬ ವ್ಯತ್ಯಾಸ ಇದ್ರೆ ಒಂದೇ ಸಾಲಲ್ಲ.

ಸಿಸೇರಿಯನ್ ಆಗಿರೋರು ಡಾಕ್ಟರ್ ಒಪ್ಪೋ ತನಕ ಕಾಯಿರಿ, ಆಮೇಲೂ ಸೊಂಟಪಟ್ಟಿ ಹೊಲಿಗೆ ಮೇಲೆ ಬೀಳದಂಗೆ ಮೇಲಕ್ಕೆ ಕಟ್ಕೊಳಿ, ಅಥವಾ ಮೊದಲ ಕೆಲವು ವಾರ ಸೊಂಟಪಟ್ಟಿನೇ ಇಲ್ಲದ್ದು ಬಳಸಿ. ಹೆರಿಗೆ ಆದ ಮೇಲೆ ಬೆನ್ನು ನೋವಿದ್ರೆ ದಿನಕ್ಕೆ ಹದಿನೈದು ನಿಮಿಷದಿಂದ ಶುರು ಮಾಡಿ, ಮಗು ಜೊತೆಗೇ ನಿಮ್ಮ ಶಕ್ತಿನೂ ಬೆಳೀಲಿ.

ಇನ್ನೊಂದು, ನಮ್ಮ ಕಡೆಯವರಿಗೇ ಹೇಳಬೇಕಾದ್ದು. ಸೀರೆ ಸೆರಗಿನ ಪಿನ್ನು, ತಾಳಿ ಸರ, ಜುಮಕಿ, ಇವೆಲ್ಲಾ ಮಗು ಮುಖದ ಎತ್ತರಕ್ಕೇ ಬರತ್ತೆ. ಕ್ಯಾರಿಯರ್ ಹಾಕ್ಕೊಳೋ ಮುಂಚೆ ಪಿನ್ ತೆಗೀರಿ, ಸರ ಹಿಂದಕ್ಕೆ ಹಾಕ್ಕೊಳಿ. ಮಗು ಸೊಂಟದ ಉಡಿದಾರದಲ್ಲಿ ಬೆಳ್ಳಿ ಗುಂಡು, ತಾಯಿತ ಇದ್ರೆ ಸೀಟಿನ ಬಟ್ಟೆ ಒತ್ತಿ ಚರ್ಮದ ಮೇಲೆ ಗುರುತು ಬೀಳತ್ತೆ, ಅದನ್ನ ಸರಿಸಿ ನೋಡ್ಕೊಳಿ, ಕತ್ತಿನ ಸರ ಮಾತ್ರ ತೆಗೆದೇ ಕೂರಿಸಿ. ಕಾಲ್ಗೆಜ್ಜೆ ರ‍್ಯಾಪ್‌ನ ಎಳೆಗೆ ಸಿಕ್ಕಾಕ್ಕೊಂಡು ಒಂದ್ಸಲ ನನ್ನ ಮಗಳ ಕಾಲು ಕೆಂಪಗಾಗಿತ್ತು.

ಬಟ್ಟೆ, ಸೆಕೆ

ಮಂಗಳೂರು, ಕಾರವಾರದ ಬೆವರು, ಕಲಬುರಗಿ ರಾಯಚೂರಿನ ಏಪ್ರಿಲ್ ಬಿಸಿಲು, ಎರಡಕ್ಕೂ ದಪ್ಪ ಪಾಲಿಯೆಸ್ಟರ್ ಮೆತ್ತೆ ಇರೋ ಕ್ಯಾರಿಯರ್ ಶಿಕ್ಷೆ. ತೆಳು ಕಾಟನ್, ಲಿನನ್, ಇಲ್ಲಾ ಬೆನ್ನ ಭಾಗದಲ್ಲಿ ಜಾಲರಿ ಇರೋದು ತಗೊಳಿ. ಸ್ಟ್ರೆಚ್ ರ‍್ಯಾಪ್ ಮೂರು ಪದರ ಬರೋದ್ರಿಂದ ಬೇಸಿಗೆಲಿ ಹುಟ್ಟೋ ಮಗುಗೆ ಅಷ್ಟು ಹಿತ ಅಲ್ಲ. ಕ್ಯಾರಿಯರ್‌ನೂ ಒಂದು ಉಡುಪು ಅಂತ ಲೆಕ್ಕ ಹಾಕಿ ಮಗುಗೆ ಒಂದು ಬಟ್ಟೆ ಕಮ್ಮಿ ಹಾಕಿ. ಕುಲಾವಿ, ಸ್ವೆಟರ್, ಮೇಲೊಂದು ಟವೆಲ್, ಅದರ ಮೇಲೆ ಕ್ಯಾರಿಯರ್ ಅಂದ್ರೆ ಮಗು ಬೆಂದೋಗತ್ತೆ, ಕತ್ತಿನ ಹಿಂದೆ ಕೈ ಹಾಕಿ ನೋಡಿ, ಬಿಸಿಯಾಗಿ ಒದ್ದೆ ಇದ್ರೆ ತಕ್ಷಣ ತೆಗೀರಿ. ಎಣ್ಣೆನೀರು ಸ್ನಾನದ ದಿನ ಬಟ್ಟೆಗೆ ಎಣ್ಣೆ ಹತ್ತತ್ತೆ, ಮೆಷಿನ್ನಿಗೆ ಹಾಕಬಹುದಾ ಅಂತ ಲೇಬಲ್ ಮೊದಲೇ ನೋಡಿರಿ.

ಕೊಳ್ಳೋ ದಿನ

ಆದಷ್ಟೂ ಮಗುನ ಕರ್ಕೊಂಡು ಹೋಗಿ, ಹಾಕ್ಕೊಂಡು ನೋಡಿ, ಹತ್ತು ನಿಮಿಷ ಅಂಗಡಿಲೇ ಓಡಾಡಿ. ಆನ್‌ಲೈನ್ ಆದ್ರೆ ವಾಪಸ್ ಕೊಡೋ ದಿನ ಎಷ್ಟು ಅಂತ ನೋಡ್ಕೊಂಡು, ಟ್ಯಾಗ್ ಕೀಳದೆ ಮನೇಲಿ ಕನ್ನಡಿ ಮುಂದೆ ನೋಡಿ. ಸಾವಿರದೈನೂರಕ್ಕೂ ಸಿಗತ್ತೆ, ಹದಿನೈದು ಸಾವಿರಕ್ಕೂ ಸಿಗತ್ತೆ. ದುಡ್ಡು ಜಾಸ್ತಿ ಕೊಟ್ರೆ ಮೆತ್ತೆ, ಹೊಂದಾಣಿಕೆ ಎಲ್ಲಾ ಚೆನ್ನಾಗಿರತ್ತೆ ನಿಜ, ಆದ್ರೆ ಮಧ್ಯಮ ಬೆಲೆದ್ರಲ್ಲೇ ಅಗಲ ಸೀಟು ಇರೋ ಒಳ್ಳೇದು ಸಿಗತ್ತೆ, ಸಾಲ ಮಾಡೋ ವಸ್ತು ಅಲ್ಲ ಇದು.

ಕೈಯಲ್ಲಿ ಹಿಡಿದಾಗ ಇಷ್ಟು ನೋಡಿ: ಪಟ್ಟಿ ಮೈಗೆ ಸೇರೋ ಕಡೆ ಹೊಲಿಗೆ ಅಡ್ಡಡ್ಡ ಎರಡು ಮೂರು ಸಲ ಬಂದಿದ್ಯಾ, ಬಕಲ್ ಹಾಕಿದಾಗ ಟಕ್ ಅಂತ ಸದ್ದು ಬರತ್ತಾ, ಜೋರಾಗಿ ಎಳೆದ್ರೆ ಪಟ್ಟಿ ಜಾರತ್ತಾ, ತೂಕದ ಮಿತಿ ಕನಿಷ್ಠ ಗರಿಷ್ಠ ಎರಡೂ ಬಟ್ಟೆಗೇ ಹೊಲಿದಿರೋ ಲೇಬಲ್ಲಲ್ಲಿ ಇದ್ಯಾ, ತಯಾರಿಸಿದವರ ವಿಳಾಸ ಇದ್ಯಾ. ವಿದೇಶದ್ದಾದ್ರೆ ಯುರೋಪಿನ ಇಎನ್ 13209 ಅಥವಾ ಅಮೆರಿಕದ ಎಎಸ್‌ಟಿಎಂ ಮಾನದಂಡ ಬರೆದಿರತ್ತೆ. ದೊಡ್ಡ ಬ್ರ್ಯಾಂಡು ಕಾಲು ಬೆಲೆಗೆ ಸಿಗ್ತಿದೆ ಅಂದ್ರೆ ನಕಲಿ ಅಂತಲೇ ತಿಳ್ಕೊಳಿ. ಚಪ್ಪಲಿ ನಕಲಿ ಆದ್ರೆ ಕಿತ್ತೋಗತ್ತೆ ಅಷ್ಟೆ, ಇಲ್ಲಿ ಒಳಗೆ ಮಗು ಇರತ್ತೆ.

ಮೊದಲ ವಾರ

ಮೊದಲು ಅಕ್ಕಿ ಚೀಲನೋ ದಿಂಬನ್ನೋ ಇಟ್ಟು ನಾಲ್ಕೈದು ಸಲ ಹಾಕಿ ತೆಗೆದು ಕಲೀರಿ. ಆಮೇಲೆ ಮಗು ಹೊಟ್ಟೆ ತುಂಬಿ ಖುಷಿಯಾಗಿರೋ ಹೊತ್ತಲ್ಲಿ, ಮಂಚದ ಪಕ್ಕ ನಿಂತು, ಮನೇಲಿ ಇನ್ನೊಬ್ರು ಇರೋವಾಗ ಮಗುನ ಹಾಕ್ಕೊಳಿ. ಹಾಕಿದ ತಕ್ಷಣ ಮಗು ಅತ್ರೆ ನಿಂತಲ್ಲೇ ನಿಲ್ಲಬೇಡಿ, ನಡೀರಿ, ಹೆಚ್ಚಿನ ಮಕ್ಕಳು ಎರಡು ನಿಮಿಷಕ್ಕೆ ಸುಮ್ಮನಾಗ್ತವೆ. ಆಗ್ಲಿಲ್ವಾ, ತೆಗೆದು ನಾಳೆ ನೋಡಿ. ಬೆನ್ನಿಗೆ ಹಾಕ್ಕೊಳೋದನ್ನ ಮೊದಲ ಹತ್ತು ಸಲನಾದ್ರೂ ಯಾರಾದ್ರೂ ಹಿಂದೆ ನಿಂತಿರೋವಾಗ್ಲೇ ಮಾಡಿ. ಬಗ್ಗೋವಾಗ ಸೊಂಟ ಬಗ್ಗಿಸಬೇಡಿ, ಮಂಡಿ ಮಡಚಿ ಕೂರಿ, ಒಂದು ಕೈ ಮಗು ಬೆನ್ನ ಮೇಲಿರಲಿ. ಕ್ಯಾರಿಯರಲ್ಲೇ ಹಾಲು ಕುಡಿಸೋದಾದ್ರೆ ಪಟ್ಟಿ ಇಳಿಸಿ ಕುಡಿಸಿ, ಕುಡಿದಾದ ಮೇಲೆ ಮರೀದೆ ಮತ್ತೆ ಮೇಲಕ್ಕೆ ತಂದು ನೆಟ್ಟಗೆ ಮಾಡಿ, ಎಳೇ ಮಕ್ಕಳು ಕುಡೀತಾ ಕುಡೀತಾ ಅಲ್ಲೇ ನಿದ್ದೆ ಹೋಗಿ ಕೆಳಗೆ ಜಾರೋದು ಆವಾಗ್ಲೇ.

ಇವುಗಳಿಗೆ ಮಾತ್ರ ಬೇಡ

ಸ್ಕೂಟರ್ ಮೇಲೆ ಬೇಡ. ಎದುರುಗಡೆ ಕ್ಯಾರಿಯರಲ್ಲಿ ಮಗು, ಹ್ಯಾಂಡಲ್ ಹಿಡಿದಿರೋ ಅಪ್ಪ, ಈ ದೃಶ್ಯ ದಿನಾ ನೋಡ್ತೀನಿ, ದಿನಾ ಎದೆ ಝಲ್ ಅನ್ನತ್ತೆ. ಬ್ರೇಕ್ ಹಾಕಿ ಮುಂದಕ್ಕೆ ಬಿದ್ರೆ ನಿಮ್ಮ ಮೈಭಾರ ಪೂರ್ತಿ ಮಗು ಮೇಲೆ. ದ್ವಿಚಕ್ರ ವಾಹನಕ್ಕೆ ಬೇರೆ ನಿಯಮನೇ ಇದೆ, ಕೇಂದ್ರ ಸರ್ಕಾರ 2022ರ ಫೆಬ್ರವರಿಲಿ ಹೊರಡಿಸಿ 2023ರ ಫೆಬ್ರವರಿ 15 ರಿಂದ ಜಾರಿ ಮಾಡಿರೋದು: ನಾಲ್ಕು ವರ್ಷದೊಳಗಿನ ಮಗುಗೆ ಸೇಫ್ಟಿ ಹಾರ್ನೆಸ್ (ಮಗುನ ಓಡಿಸೋರ ಮೈಗೆ ಬಿಗಿಯೋ ಪಟ್ಟಿ), ಒಂಬತ್ತು ತಿಂಗಳಾದ ಮೇಲೆ ಅಳತೆಗೆ ಸರಿಯಾದ ಹೆಲ್ಮೆಟ್, ಸ್ಪೀಡು 40 ದಾಟಂಗಿಲ್ಲ. ಬೇಬಿ ಕ್ಯಾರಿಯರ್ ಆ ಹಾರ್ನೆಸ್ ಅಲ್ಲ. ಕಾರಲ್ಲೂ ಅಷ್ಟೇ, ಕಾರ್ ಸೀಟಿನ ಕೆಲಸ ಇದು ಮಾಡಲ್ಲ.

ಒಲೆ ಮುಂದೆ ಬೇಡ, ಒಗ್ಗರಣೆ ಸಿಡಿಯತ್ತೆ. ತರಕಾರಿ ಬಿಡಿಸೋದು, ಬಟ್ಟೆ ಮಡಚೋದು, ಫೋನಲ್ಲಿ ಮೀಟಿಂಗ್, ಇದೆಲ್ಲಾ ಆರಾಮಾಗಿ ಆಗತ್ತೆ.

ಮನೆ ಹಿರಿಯರು "ಹಿಂಗೆ ಕಟ್ಕೊಂಡು ತಿರುಗಿದ್ರೆ ಎತ್ಕೊಳೋ ಅಭ್ಯಾಸ ಆಗತ್ತೆ, ಕಾಲು ಸೊಟ್ಟ ಆಗತ್ತೆ" ಅಂದ್ರೆ

ಜಗಳ ಆಡಬೇಡಿ, ಕಾಳಜಿಯಿಂದಲೇ ಹೇಳ್ತಿರ್ತಾರೆ. ಎಳೇ ಮಕ್ಕಳ ಕಾಲು ಹುಟ್ಟಿನಿಂದಲೇ ಸ್ವಲ್ಪ ಬಿಲ್ಲಿನ ಥರ ಬಾಗಿರತ್ತೆ, ನಡೀತಾ ನಡೀತಾ ಎರಡು ವರ್ಷದ ಹೊತ್ತಿಗೆ ನೇರ ಆಗತ್ತೆ, ಕ್ಯಾರಿಯರ್‌ಗೂ ಅದಕ್ಕೂ ಸಂಬಂಧ ಇಲ್ಲ. ಅಭ್ಯಾಸದ ಮಾತಿಗೆ, 1986ರಲ್ಲಿ ಹುಂಜಿಕರ್ ಮತ್ತು ಬಾರ್ ಅನ್ನೋ ವೈದ್ಯರು ಕೆನಡಾದಲ್ಲಿ ಒಂದು ಅಧ್ಯಯನ ಮಾಡಿದ್ರು, ದಿನಕ್ಕೆ ಜಾಸ್ತಿ ಹೊತ್ತು ಎತ್ಕೊಂಡ ಮಕ್ಕಳು ಆರು ವಾರದ ಹೊತ್ತಿಗೆ ಉಳಿದವುಗಳಿಗಿಂತ ಶೇ 43ರಷ್ಟು ಕಮ್ಮಿ ಅತ್ತಿದ್ವು. ಆಮೇಲಿನ ಅಧ್ಯಯನಗಳಲ್ಲಿ ಎಲ್ಲಾ ಕಡೆ ಇದೇ ಫಲಿತಾಂಶ ಬಂದಿಲ್ಲ, ಹಠ ಹಿಡಿದು ಅಳೋ ಮಗುಗೆ ಇದೇ ಔಷಧಿ ಅಂತ ನಾನು ಹೇಳಲ್ಲ, ಎತ್ಕೊಂಡ್ರೆ ಕೆಡತ್ತೆ ಅನ್ನೋದಕ್ಕೆ ಮಾತ್ರ ಆಧಾರ ಇಲ್ಲ. ಕಮ್ಮಿ ತೂಕದ ಮಕ್ಕಳನ್ನ ಎದೆಗೆ ಚರ್ಮಕ್ಕೆ ಚರ್ಮ ತಾಗೋ ಹಂಗೆ ಕಟ್ಕೊಳೋ ಕಾಂಗರೂ ಆರೈಕೆ ಕೊಲಂಬಿಯಾದ ಬೊಗೋಟಾದಲ್ಲಿ 1978ರಲ್ಲಿ ಶುರುವಾಯ್ತು, ಈಗ ನಮ್ಮ ಸರ್ಕಾರಿ ಆಸ್ಪತ್ರೆಗಳಲ್ಲೂ ಕಲಿಸ್ತಾರೆ, ಕೊಪ್ಪಳ ಜಿಲ್ಲೆಲಿ ಆಸ್ಪತ್ರೆಯಿಂದ ಹಳ್ಳಿಮನೆ ತನಕ ಅದನ್ನ ಮುಟ್ಟಿಸೋ ಕೆಲಸ ಆಗಿದೆ. ನಾನು ಇದನ್ನೆಲ್ಲಾ ಅತ್ತೆಗೆ ವಿವರಿಸಿದ್ದಕ್ಕಿಂತ ಒಂದಿನ ಅವರಿಗೇ ರಿಂಗ್ ಸ್ಲಿಂಗ್ ಹಾಕಿ ಮೊಮ್ಮಗನ್ನ ಕೂರಿಸಿದ್ದೇ ಜಾಸ್ತಿ ಕೆಲಸ ಮಾಡ್ತು, ಅವತ್ತು ಅವರೇ ತಾರಸಿ ಮೇಲೆ ತಿರುಗಾಡಿಸಿ ಮಲಗಿಸಿದ್ರು.

ಬೇರೆಯವರು ಬಳಸಿದ್ದು ಸಿಕ್ರೆ

ತಗೊಳಿ, ಎಷ್ಟೋ ಮನೇಲಿ ಆರು ತಿಂಗಳು ಬಳಸಿ ಹೊಸದರ ಹಂಗೇ ಇಟ್ಟಿರ್ತಾರೆ. ಮ್ಯಾನ್ಯುಯಲ್ಲೂ ಕೇಳಿ ಇಸ್ಕೊಳಿ. ಬಿಸಿಲಲ್ಲಿಟ್ಟು ಬಕಲ್‌ನಲ್ಲಿ ಬಿರುಕು ಇದ್ಯಾ ನೋಡಿ, ಪಟ್ಟಿ ಅಂಚು ನವೆದಿದ್ಯಾ ಬೆರಳಲ್ಲಿ ಸವರಿ, ಪ್ರತಿ ಹೊಲಿಗೆನೂ ಎರಡೂ ಕೈಯಲ್ಲಿ ಎಳೆದು ನೋಡಿ, ಎಲಾಸ್ಟಿಕ್ ಸತ್ತೋಗಿದ್ರೆ ಬಿಟ್ಬಿಡಿ. ಬಕಲ್ ಒಡೆದಿದ್ರೆ ಬೇರೆ ಬ್ಯಾಗಿನ ಬಕಲ್ ತಂದು ಹಾಕಿಸಬೇಡಿ, ಕಂಪನಿದೇ ಸಿಗತ್ತಾ ಕೇಳಿ. ನಂದು ಎರಡೂ ಈಗ ತಮ್ಮನ ಮನೆಗೆ ಹೋಗಿವೆ, ಕೊಡೋ ಮುಂಚೆ ರಿಂಗ್ ಸ್ಲಿಂಗಿನ ಹೆಗಲ ಹೊಲಿಗೆ ಒಂದು ಕಡೆ ಬಿಟ್ಕೊಂಡಿತ್ತು, ಟೈಲರ್ ಹತ್ರ ಮೂರು ಸಾಲು ಹೊಲಿಸಿ, ಐದು ಕೆಜಿ ಅಕ್ಕಿ ಚೀಲ ಇಟ್ಟು ಒಂದು ಸಂಜೆ ಮನೆಯೆಲ್ಲಾ ಓಡಾಡಿ ನೋಡಿ ಕಳಿಸಿದೆ.